ಸುಷೇಣನ ಊರಿನಲ್ಲಿ

ಕೆಲವು ವರ್ಷಗಳ ಕೆಳಗೆ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗಾಗಿ ಕಾದು ಕುಳಿತಿದ್ದೆ. ವಯಸ್ಸಾದ ಹೆಂಗಸೊಬ್ಬಳು ಸಾಲನ್ನು ದಾಟಿಕೊಂಡು ನೇರವಾಗಿ ವೈದ್ಯರ ಮೇಜಿನ ಬಳಿಗೆ ನಡೆದಳು. “ಸಾಹೇಬ್ರ, ನಮ್ಮ ಸೊಸಿ ನಸಿಕಿನಿಂದ ಬ್ಯಾನಿ ತಿನ್ನಾಕತ್ತಾಳ್ರೀ, ಲಗೂನ ಬರ್ರಿ” ಎಂದಳು. ಸೊಸೆ ಹೊರಗೆ ಟಂಟಂ ಗಾಡಿಯಲ್ಲಿ ಮಲಗಿದ್ದಳು. ವೈದ್ಯರು ಎಳೆಯ ಪ್ರಾಯದವರು, ದೂರದ ಊರಿನವರು, ಕೆಟ್ಟವರೇನೂ ಅಲ್ಲ. ಲೇಖನಿಯನ್ನು ಕೈಗೆತ್ತಿಕೊಂಡು ಬಹಳ ಸಾವಧಾನವಾಗಿ, “ಏನು ತಿಂದಳು? ಯಾವಾಗ ತಿಂದಳು?” ಎಂದು ಕೇಳಿದರು. “ಬ್ಯಾನಿರೀ” ಎಂದಳು ಅತ್ತೆ. “ಅದೇ, ಏನದು?” ಎಂದರು ಅವರು. ಹೀಗೆ ಎರಡು ಮೂರು ಸಲ ನಡೆದ ಮೇಲೆ, ಬಾಗಿಲ ಬಳಿ ನಿಂತಿದ್ದ ಆಸ್ಪತ್ರೆಯ ಜವಾನ ತಡೆಯಲಾರದೆ, “ಸರ್, ಹೆರಿಗೆ ನೋವು ಅಂತ ಹೇಳಾಕತ್ತಾರ್ರೀ” ಎಂದ. ವೈದ್ಯರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಹೊರಗೆ ಓಡಿದರು. ಆ ದಿನ ಕೆಡುಕೇನೂ ಆಗಲಿಲ್ಲ.

ಬೇನೆಯನ್ನು ತಿನ್ನುವುದು ಎಂಬ ಮಾತು ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಎಷ್ಟು ಸಹಜವೋ ಅಷ್ಟು ಅರ್ಥವತ್ತಾದದ್ದು. ಅದನ್ನು ಅರಿಯದಿರುವುದು ಆ ತರುಣ ವೈದ್ಯರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಅರಿತಿದ್ದವನು ಬಾಗಿಲ ಬಳಿ ಏಕೆ ನಿಂತಿದ್ದ, ಮೇಜಿನ ಹಿಂದೆ ಏಕೆ ಕುಳಿತಿರಲಿಲ್ಲ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೊಂದು ಕಾರಣವುಂಟು. ಆ ಜವಾನ ನನ್ನ ಶಿಷ್ಯ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳುತ್ತಿದ್ದಾಗ ಆ ವರ್ಷದ ಹುಡುಗರಲ್ಲೆಲ್ಲ ಅವನೇ ಮೊದಲಿಗ. ಬೇಡರ ಹುಡುಗ, ಸರ್ಕಾರದ ಕಾಗದಗಳ ಪ್ರಕಾರ ನಾಯಕ, ಪರಿಶಿಷ್ಟ ಪಂಗಡ. ತಂದೆ ಪರರ ಹೊಲದಲ್ಲಿ ದುಡಿಯುವವನು.

ಅವನು ಎಲೆಯ ಸೀಳುಚಿತ್ರ ಬರೆದರೆ ಅದನ್ನು ಗೋಡೆಗೆ ಅಂಟಿಸಬಹುದಾಗಿತ್ತು. ದ್ಯುತಿಸಂಶ್ಲೇಷಣೆಯನ್ನು ಅವನು ತನ್ನ ಕೆಳಗಿನ ತರಗತಿಯವರಿಗೆ ವಿವರಿಸುತ್ತಿದ್ದುದನ್ನು ನಾನು ಕಿಟಕಿಯಾಚೆ ನಿಂತು ಕೇಳಿದ್ದೇನೆ. ನನಗಿಂತ ಚೆನ್ನಾಗಿ ಹೇಳುತ್ತಿದ್ದ. ಹತ್ತನೆಯ ತರಗತಿ ಮುಗಿಸಿ ಪಟ್ಟಣದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ. ದೀಪಾವಳಿಯ ಹೊತ್ತಿಗೆ ಮರಳಿ ಬಂದ. ಫೋಟೋಸಿಂಥೆಸಿಸ್ ಎಂದು ಅಲ್ಲಿ ಹೇಳುತ್ತಿದ್ದುದು ತನಗೆ ಗೊತ್ತಿದ್ದ ದ್ಯುತಿಸಂಶ್ಲೇಷಣೆಯೇ, ಸ್ಟೊಮಾಟಾ ಎಂದರೆ ತಾನು ಅಷ್ಟು ಅಂದವಾಗಿ ಬರೆಯುತ್ತಿದ್ದ ಪತ್ರರಂಧ್ರವೇ ಎಂಬುದು ಅವನಿಗೆ ಹೊಳೆಯುವುದರೊಳಗೆ ಪಾಠ ಮೂರು ಅಧ್ಯಾಯ ಮುಂದೆ ಹೋಗಿತ್ತು. “ಸರ್, ನನಗ ಬರೋದ ಅವ್ರು ಹೇಳಾಕತ್ತಾರ ಅಂತ ನನಗ ತಿಳೀಲಿಲ್ರೀ” ಎಂದು ಅವನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. (ಪತ್ರರಂಧ್ರವೆಂಬುದಾದರೂ ಅವನ ತಾಯಿಯ ಮಾತೇನಲ್ಲ, ನಾವು ಮೇಷ್ಟ್ರುಗಳು ಸಂಸ್ಕೃತದಿಂದ ತಂದು ಅವನಿಗೆ ಕಲಿಸಿದ್ದು. ಒಂದು ಪರಭಾಷೆಯನ್ನು ಗೆದ್ದವನಿಗೆ ಇನ್ನೊಂದನ್ನು ಗೆಲ್ಲಲು ನಾವು ಕೊಟ್ಟ ಅವಧಿ ಆರು ತಿಂಗಳಿಗೂ ಕಡಿಮೆ.)

ಬುಡಕಟ್ಟಿನ ಮಕ್ಕಳು ವೈದ್ಯವಿದ್ಯೆಗೆ ಪ್ರವೇಶಿಸುವ ದಾರಿಯ ವಿಚಾರ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ನಡೆಯುವುದು ಮೀಸಲಾತಿಯ ಸುತ್ತ. ಅದು ಬೇಕೋ ಬೇಡವೋ, ಎಷ್ಟು ಬೇಕು, ಯಾರಿಗೆ ಬೇಕು! ಈ ವಾಗ್ವಾದಕ್ಕೆ ಗಣರಾಜ್ಯದಷ್ಟೇ ವಯಸ್ಸು. ಮದರಾಸಿನ ವೈದ್ಯಕೀಯ ಕಾಲೇಜಿನ ಪ್ರವೇಶದ ವಿಷಯವಾಗಿ ಚಂಪಕಂ ದೊರೈರಾಜನ್ ಎಂಬ ಮಹಿಳೆ ಹೂಡಿದ ಮೊಕದ್ದಮೆಯಿಂದಲೇ 1951ರಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿಗೆ ಕಾರಣ ಒದಗಿತು. ಆಕೆ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲವೆಂಬುದು ನ್ಯಾಯಾಲಯದ ತೀರ್ಪಿನಲ್ಲೇ ಇದೆ. ನಮ್ಮ ರಾಜ್ಯದ ಸರದಿ 1962ರಲ್ಲಿ ಬಂತು. ಆಗಿನ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 68 ಸ್ಥಾನಗಳನ್ನು ಕಾದಿರಿಸಿ ಆಜ್ಞೆ ಹೊರಡಿಸಿತು. ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಮೀಸಲು ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂದಿತು. ಆ ತೀರ್ಪು ಎಲ್ಲ ಕಾನೂನಿನ ವಿದ್ಯಾರ್ಥಿಗಳಿಗೂ ಬಾಯಿಪಾಠ. ಆದರೆ ಆ ಆಜ್ಞೆಯ ಒಂದು ಸಣ್ಣ ಅಂಕಿಯನ್ನು ಯಾರೂ ಗಮನಿಸುವುದಿಲ್ಲ. ಅದರಲ್ಲಿ ಪರಿಶಿಷ್ಟ ಪಂಗಡಗಳಿಗೆಂದು ಇಟ್ಟದ್ದು ಶೇಕಡಾ 3. ಆ ಮೂರು ಎಂಬ ಅಂಕಿ ಅರವತ್ತು ವರ್ಷ ಕಳೆದರೂ ಮೂರಾಗಿಯೇ ಇತ್ತು. ನಡುವೆ 1991ರಲ್ಲಿ ಸಂಸತ್ತು ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಪಟ್ಟಿಗೆ ಸೇರಿಸಿತು. 2011ರ ಜನಗಣತಿಯ ವೇಳೆಗೆ ಕರ್ನಾಟಕದ ಜನರಲ್ಲಿ ಪಂಗಡದವರು ಶೇಕಡಾ 7ರ ಸಮೀಪಕ್ಕೆ ಬಂದಿದ್ದರು. ಎಲೆಗಳ ಸಂಖ್ಯೆ ಹೆಚ್ಚಿತು, ಬಡಿಸುವ ಸೌಟು ಮಾತ್ರ ಹಳೆಯದೇ. 2022ರಲ್ಲಿ, ದೀರ್ಘವಾದ ಚಳವಳಿಯ ಬಳಿಕ, ರಾಜ್ಯದ ಶಾಸನ ಅದನ್ನು 7ಕ್ಕೆ ಏರಿಸಿತು. ಆ ಏರಿಕೆಯೂ ನ್ಯಾಯಾಲಯದ ಮೆಟ್ಟಿಲು ಹತ್ತಿದೆ.

ಇನ್ನು ನಮ್ಮ ಸೀಮೆಗೆ ಬರೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಹಳೆಯ ನಾಲ್ಕು ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯಕ್ಕೆ ಒಂದು ವಿಶೇಷವಿತ್ತು: ಅಲ್ಲಿ ಪಾಶ್ಚಾತ್ಯ ವೈದ್ಯಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಿಕೊಡುತ್ತಿದ್ದರು. 1846ರಲ್ಲಿ ಆರಂಭವಾದ ಹೈದರಾಬಾದಿನ ವೈದ್ಯಶಾಲೆಯಲ್ಲಿ ಬೋಧನೆ ಉರ್ದುವಿನಲ್ಲಿತ್ತು. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದಾಗ ಗ್ರಂಥಗಳನ್ನು ಭಾಷಾಂತರಿಸಲೆಂದೇ ಪ್ರತ್ಯೇಕ ಕಚೇರಿ ತೆರೆದರು. ದೇಶಭಾಷೆಯಲ್ಲಿ ವೈದ್ಯ ಕಲಿಸಲಾಗದು ಎನ್ನುವ ಪಂಡಿತರು ಇದನ್ನು ನೆನೆಯುವುದು ಒಳಿತು. ಆದರೆ ಅದರಿಂದ ನಮಗೇನು ಬಂತು? ಯಲಬುರ್ಗಾದ ಬೇಡರ ಹುಡುಗನಿಗೆ ಉರ್ದುವೂ ಇಂಗ್ಲಿಷಿನಷ್ಟೇ ದೂರವಾಗಿತ್ತು. ಭಾಷೆ ದೇಶದ್ದಾದರೂ ದೇಶ ಅವನದಾಗಿರಲಿಲ್ಲ. ಸ್ವಾತಂತ್ರ್ಯಾನಂತರ ಉರ್ದು ಹೋಗಿ ಇಂಗ್ಲಿಷ್ ಬಂತು. ಒಂದು ಬೀಗ ತೆಗೆದು ಇನ್ನೊಂದು ಬೀಗ ಹಾಕಿದಂತಾಯಿತು, ಅಷ್ಟೆ.

ಈ ಹಿಂದುಳಿಕೆಗೆ ಪರಿಹಾರವೆಂದೇ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. 2012ರಲ್ಲಿ ಅಂಗೀಕಾರವಾದ ಆ ತಿದ್ದುಪಡಿಯಿಂದ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ಎಪ್ಪತ್ತು ಸ್ಥಾನ ಈ ಪ್ರದೇಶದವರಿಗೇ ದೊರೆಯುತ್ತವೆ. 2015ರಲ್ಲಿ ಕೊಪ್ಪಳದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ವರ್ಷಕ್ಕೆ 150 ಸ್ಥಾನಗಳು. ಇದು ಸಣ್ಣ ಮಾತಲ್ಲ. ನಾವು ಚಿಕ್ಕವರಾಗಿದ್ದಾಗ ವೈದ್ಯಕೀಯ ಕಾಲೇಜೆಂದರೆ ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಿ ಹೊರಗಿನಿಂದ ನೋಡಿ ಬರುವ ಕಟ್ಟಡವಾಗಿತ್ತು.

ವಾಚಕರು ಸ್ವಲ್ಪ ತಾಳ್ಮೆ ತೋರಿದರೆ ಒಂದು ಸಣ್ಣ ಲೆಕ್ಕ ಮಾಡೋಣ. 150ರಲ್ಲಿ ಶೇಕಡಾ 15 ಅಖಿಲ ಭಾರತದ ಪಾಲು. ಅದನ್ನು ಕಳೆದರೆ ಉಳಿಯುವುದು ಸುಮಾರು 127. ಅದರಲ್ಲಿ ನೂರಕ್ಕೆ ಎಪ್ಪತ್ತರಂತೆ ಕಲ್ಯಾಣ ಕರ್ನಾಟಕದವರಿಗೆ 89ರಷ್ಟು. ಆ 89ರಲ್ಲಿ ಪರಿಶಿಷ್ಟ ಪಂಗಡಕ್ಕೆ ಶೇಕಡಾ 7, ಎಂದರೆ ಆರು. ಇಲ್ಲಿ ಒಂದು ವಿಚಿತ್ರವಿದೆ. ಏಳು ಎಂಬುದು ಇಡೀ ರಾಜ್ಯದ ಸರಾಸರಿ. 2011ರ ಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯಲ್ಲಿ ಪಂಗಡದವರು ಶೇಕಡಾ 12ರ ಹತ್ತಿರ. ರಾಯಚೂರಿನಲ್ಲಿ 19, ಬಳ್ಳಾರಿಯಲ್ಲಿ 18. ಪ್ರದೇಶದ ಸ್ಥಾನಗಳನ್ನು ಪ್ರದೇಶಕ್ಕೆಂದು ಬೇರೆ ತೆಗೆದಿಟ್ಟ ಮೇಲೆ, ಅವನ್ನು ಒಳಗೆ ಹಂಚುವಾಗ ಮಾತ್ರ ರಾಜ್ಯದ ತಕ್ಕಡಿಯನ್ನು ತರುವುದೇಕೆ? ಬೆಂಗಳೂರಿನ ಜನಸಂಖ್ಯೆಯನ್ನು ಸೇರಿಸಿ ತೆಗೆದ ಸರಾಸರಿಯಿಂದ ಕನಕಗಿರಿಯವನ ಪಾಲನ್ನು ಅಳೆಯುವುದು ಯಾವ ನ್ಯಾಯ?

ಲೆಕ್ಕ ಇನ್ನೂ ಮುಗಿದಿಲ್ಲ. ಪ್ರತಿಯೊಂದು ವರ್ಗದ ಒಳಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಂದು ಶೇಕಡಾ 5ರ ಒಂದು ಒಳಪಾಲಿದೆ. ಆರರಲ್ಲಿ ಶೇಕಡಾ 5 ಎಷ್ಟು? ಸೊನ್ನೆ ಬಿಂದು ಮೂರು. ನನ್ನ ಶಿಷ್ಯನಂಥವನಿಗೆ ಆ ಕಾಲೇಜಿನಲ್ಲಿ ಕಾದಿರಿಸಿದ್ದು ಒಬ್ಬ ಮನುಷ್ಯನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ! ಇಂಥ ಚೂರುಗಳನ್ನು ಹೊಂದಿಸಿ ಪೂರ್ಣಸಂಖ್ಯೆ ಮಾಡುವ ಕ್ರಮ ಕಚೇರಿಗಳಲ್ಲಿ ಇದ್ದೇ ಇರುತ್ತದೆ. ಒಂದು ಕಡೆ ಇಲ್ಲವಾದುದು ಇನ್ನೊಂದು ಕಡೆ ಒಂದಾಗಿ ಮೂಡೀತು. ಆದರೂ ಕನ್ನಡದ ಸರ್ಕಾರ, ಕನ್ನಡದಲ್ಲಿ ಓದಿದ ಮಗುವಿಗೆ ತನ್ನದೇ ಜಿಲ್ಲೆಯಲ್ಲಿ ಕೊಟ್ಟ ಆಶ್ವಾಸನೆ ಇಷ್ಟು ಎಂದು ತಿಳಿದಾಗ ನನಗೆ ನಗು ಬಂತು, ಆಮೇಲೆ ನಗು ಹೋಯಿತು.

ಇಷ್ಟೆಲ್ಲ ಹೇಳಿಯೂ, ಮೀಸಲಾತಿಯ ಪ್ರಮಾಣವೇ ಮುಖ್ಯ ತೊಡಕೆಂದು ನಾನು ನಂಬುವುದಿಲ್ಲ. ಆರನ್ನು ಹತ್ತು ಮಾಡಿದರೂ ಆ ಹತ್ತರಲ್ಲಿ ನನ್ನ ಶಿಷ್ಯ ಇರುತ್ತಿರಲಿಲ್ಲ. ಅವನ ದಾರಿ ಮುಚ್ಚಿದ್ದು ಕಾಲೇಜಿನ ಬಾಗಿಲಲ್ಲಿ ಅಲ್ಲ. ಅದಕ್ಕೆ ಎರಡು ವರ್ಷ ಮೊದಲು, ಹತ್ತನೆಯ ತರಗತಿಯ ಆಚೆಯ ತಿರುವಿನಲ್ಲಿ. ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ 2016ರಿಂದ ಮತ್ತೆ ಬಂತು. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ನಾವು ಸಂತೋಷಪಟ್ಟೆವು. ಪ್ರಶ್ನೆ ಕನ್ನಡದಲ್ಲಿ ಬಂತು, ಪಾಠ ಕನ್ನಡದಲ್ಲಿ ಬರಲಿಲ್ಲ. ಪದವಿಪೂರ್ವ ವಿಜ್ಞಾನದ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುವಾಗ ಕನ್ನಡದ ಪ್ರಶ್ನೆಪತ್ರಿಕೆಯಿಂದ ಪ್ರಯೋಜನವೇನು? ಇನ್ನು 720 ಅಂಕಗಳ ಆ ಪರೀಕ್ಷೆಯಲ್ಲಿ ಮೂರು ಗಂಟೆಗೆ 180 ಪ್ರಶ್ನೆ. ತಪ್ಪಿದರೆ ಅಂಕ ಕಡಿತ. ಅದು ತಿಳಿವಳಿಕೆಯಷ್ಟೇ ಅಭ್ಯಾಸದ ಪರೀಕ್ಷೆ. ಅಭ್ಯಾಸ ಪೇಟೆಯಲ್ಲಿ ಮಾರಾಟಕ್ಕಿದೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಗಂಗಾವತಿಯ ಕಡೆ, ಭತ್ತದ ಗದ್ದೆಯುಳ್ಳ ಮನೆಯವರು ಮಗನನ್ನು ದೂರದ ಊರುಗಳ ತರಬೇತಿ ಕೇಂದ್ರಗಳಿಗೆ ಕಳಿಸಬಲ್ಲರು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಕೂಲಿಯ ಮನೆಯವರು ಕಳಿಸಲಾರರು. ಪಂಗಡ ಒಂದೇ, ಕಾಗದ ಒಂದೇ, ನೀರು ಬೇರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಾಯಕರು ಬುಡಕಟ್ಟಿನವರೆಂದು ಹೇಗೆ ಹೇಳುವಿರಿ, ಸುರಪುರವನ್ನು ಆಳಿದವರಲ್ಲವೆ, ಕುಮ್ಮಟದುರ್ಗದ ಕುಮಾರರಾಮನನ್ನು ತಮ್ಮವನೆಂದು ಹಾಡುವವರಲ್ಲವೆ ಎಂದು ಕೇಳುವ ವಿದ್ವಾಂಸರಿದ್ದಾರೆ. ಒಂದು ಕುಲದಲ್ಲಿ ಅರಸರು ಹುಟ್ಟಿದ್ದರೆಂದು ಅದರ ಕೂಲಿಗಾರರು ಅರಸರಾಗುವುದಿಲ್ಲ. ಆದರೆ ಆಕ್ಷೇಪದ ಇನ್ನೊಂದು ಮುಖವನ್ನು ನಾನು ಒಪ್ಪುತ್ತೇನೆ. ಅದೇ ಏಳರ ಪಾಲಿನಲ್ಲಿ ನಾಯಕರೊಡನೆ ಸ್ಪರ್ಧಿಸಬೇಕಾದ ಜೇನುಕುರುಬರು, ಕೊರಗರು, ಸೋಲಿಗರು ಇದ್ದಾರೆ. ನಮ್ಮ ಊರುಗಳಲ್ಲಿಯೇ ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದರಿದ್ದಾರೆ. ದೊಡ್ಡ ಸಮುದಾಯದ ಉಳ್ಳವರು ಮುಂದೆ ನಿಂತರೆ ಇವರಿಗೆ ಬಾಗಿಲು ಕಾಣುವುದೇ ಇಲ್ಲ. ಸುಳ್ಳು ಜಾತಿಪತ್ರದ ಪಿಡುಗಂತೂ ಪ್ರತ್ಯೇಕ. ಅದರ ಕಥೆ ಇಲ್ಲಿ ಬೇಡ.

ಹಾಗಾದರೆ ಮಾಡಬೇಕಾದುದೇನು? ಪರೀಕ್ಷೆಯನ್ನು ತೆಗೆಯುವುದು ರಾಜ್ಯದ ಕೈಯಲ್ಲಿಲ್ಲ. 2024ರಲ್ಲಿ ನಮ್ಮ ವಿಧಾನಮಂಡಲ ಅದರ ವಿರುದ್ಧ ನಿರ್ಣಯ ಮಾಡಿತು, ಪರೀಕ್ಷೆ ಇದ್ದಲ್ಲಿಯೇ ಇದೆ. ನೆರೆಯ ತಮಿಳುನಾಡು ಹೆಚ್ಚು ಉಪಾಯದಿಂದ ನಡೆದುಕೊಂಡಿತು. 2020ರಲ್ಲಿ ಅದು ಮಾಡಿದ ಕಾನೂನಿನಂತೆ, ಆರನೆಯ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿಯೇ ಓದಿ ಪರೀಕ್ಷೆಯಲ್ಲಿ ಅರ್ಹರಾದವರಿಗೆ ಶೇಕಡಾ 7.5 ಸ್ಥಾನ ಮೀಸಲು. ಪ್ರತಿವರ್ಷ ನೂರಾರು ಬಡಮಕ್ಕಳು ಆ ದಾರಿಯಿಂದ ಒಳಹೊಕ್ಕಿದ್ದಾರೆ. ಅಲ್ಲಿ ಕೇಳುವ ಪ್ರಶ್ನೆ ಜಾತಿಯದಷ್ಟೇ ಅಲ್ಲ, ಮಗು ಯಾವ ಬೆಂಚಿನ ಮೇಲೆ ಕುಳಿತು ಕಲಿಯಿತು ಎಂಬುದು. ನಮ್ಮ ಕನ್ನಡ ಮಾಧ್ಯಮದ ಪಾಲಿಗೆ ಇಂಥದೇ ಬಲ ಬೇಕು. ಈ ಪ್ರದೇಶದ ಪ್ರತಿಯೊಂದು ಕಾಲೇಜಿನಲ್ಲಿಯೂ ಪಂಗಡದ ಪಾಲಿನೊಳಗೆ ಕನಿಷ್ಠ ಒಬ್ಬ ಪೂರ್ತಿ ಮನುಷ್ಯನಿಗಾದರೂ ಸಾಲುವಷ್ಟು.

ಅದಕ್ಕಿಂತ ಮಿಗಿಲಾಗಿ ಬೇಕಾದುದು ಒಂದು ಸೇತುವೆಯ ವರ್ಷ. ಆಸ್ಟ್ರೇಲಿಯದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯ 1980ರ ದಶಕದಲ್ಲಿಯೇ ಅಲ್ಲಿಯ ಮೂಲನಿವಾಸಿಗಳಿಗೆ ವೈದ್ಯಕೀಯದಲ್ಲಿ ಸ್ಥಾನಗಳನ್ನು ತೆಗೆದಿಟ್ಟಿತು. ಇಂದು ಅಲ್ಲಿ ಪ್ರವೇಶಕ್ಕೆ ಮೊದಲು ಅಭ್ಯರ್ಥಿಗಳನ್ನು ಕರೆಸಿ, ಪಾಠ ಹೇಳಿ, ಅವರ ಸಮುದಾಯದವರನ್ನೂ ಸೇರಿಸಿಕೊಂಡು ಸಂದರ್ಶಿಸುತ್ತಾರೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀತಿಗೆ ಮೊದಲು ಇದ್ದ ಹೆಸರೇ ಸಮಾಜದ ಕನ್ನಡಿ. ರೋಗಿಗಳ ಸಮಾಜ ಹೇಗಿದೆಯೋ ವೈದ್ಯರ ತರಗತಿಯೂ ಹಾಗೆಯೇ ಕಾಣಬೇಕೆಂಬುದು ಅದರ ತಾತ್ಪರ್ಯ. ನಮ್ಮಲ್ಲಿಯೂ ಮಹರ್ಷಿ ವಾಲ್ಮೀಕಿಯ ಹೆಸರಿನ ಆಶ್ರಮಶಾಲೆಗಳಿವೆ, ವಸತಿನಿಲಯಗಳಿವೆ, ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜೂ ಅದರ ಅಧ್ಯಾಪಕರೂ ಇದ್ದಾರೆ. ಹತ್ತನೆಯ ತರಗತಿ ಮುಗಿಸಿದ ಐವತ್ತು ಅರವತ್ತು ಮಕ್ಕಳನ್ನು ಪ್ರತಿವರ್ಷ ಆರಿಸಿ, ಒಂದು ವರ್ಷ ಬೇರೇನನ್ನೂ ಹೇರದೆ, ಅವರಿಗೆ ಗೊತ್ತಿರುವ ವಿಜ್ಞಾನಕ್ಕೆ ಇಂಗ್ಲಿಷಿನ ಹೆಸರುಗಳನ್ನು ಕಲಿಸಿ, ಆಮೇಲೆ ಎರಡು ವರ್ಷ ಪರೀಕ್ಷೆಗೆ ಸಿದ್ಧಗೊಳಿಸಿದರೆ ಖಜಾನೆ ಬರಿದಾಗದು. ಒಂದು ವರ್ಷ ವ್ಯರ್ಥವಾಗುವುದಿಲ್ಲವೆ ಎಂದು ಕೇಳುವವರು, ಉಳ್ಳವರ ಮಕ್ಕಳು ಅದೇ ಪರೀಕ್ಷೆಗಾಗಿ ಒಂದೆರಡು ವರ್ಷ ಕಾಯುವುದನ್ನು ವ್ಯರ್ಥವೆನ್ನುವುದಿಲ್ಲ.

ಒಳಗೆ ಹೋದ ಮೇಲೂ ಕಾಪಾಡುವವರು ಬೇಕು. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಾಯಲ್ ತಡವಿ ಎಂಬ ಭಿಲ್ ಸಮುದಾಯದ ತರುಣ ವೈದ್ಯೆ ಪ್ರಾಣ ಕಳೆದುಕೊಂಡಳು. ಹಿರಿಯ ಸಹಪಾಠಿಗಳ ಜಾತಿನಿಂದನೆಯೇ ಕಾರಣವೆಂದು ಅವಳ ತಾಯಿ ನ್ಯಾಯಾಲಯದಲ್ಲಿ ಹೋರಾಡುತ್ತ ಬಂದಿದ್ದಾರೆ. ಆಕೆ ಪ್ರವೇಶವನ್ನು ಗೆದ್ದಿದ್ದಳು, ಪದವಿಯನ್ನೂ ಗೆದ್ದಿದ್ದಳು. 2019ರ ವೈದ್ಯಕೀಯ ಪಠ್ಯಕ್ರಮದಲ್ಲಿ, ಹೊಸ ವಿದ್ಯಾರ್ಥಿಗಳಿಗೆ ಆರಂಭದಲ್ಲಿ ಸ್ಥಳೀಯ ಭಾಷೆಯ ಪಾಠವೂ ಸೇರಿದೆ. ಒಳ್ಳೆಯದು, ಹೊರಗಿನಿಂದ ಬಂದವರಿಗೆ ಆ ಪಾಠದಲ್ಲಿ ಬ್ಯಾನಿ ತಿನ್ನುವುದನ್ನೂ ಸೇರಿಸಲಿ. ಅದನ್ನು ಹೇಳಿಕೊಡಬಲ್ಲ ಸಹಪಾಠಿಯೊಬ್ಬ ಪಕ್ಕದ ಬೆಂಚಿನಲ್ಲಿಯೇ ಇದ್ದರೆ ಇಬ್ಬರಿಗೂ ಕ್ಷೇಮ.

ನಮ್ಮ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಪರಿಸರವನ್ನು ಕಿಷ್ಕಿಂಧೆಯೆನ್ನುತ್ತಾರೆ. ಅಂಜನಾದ್ರಿಗೆ ದಿನವೂ ಸಾವಿರಾರು ಜನ ಹತ್ತುತ್ತಾರೆ. ಸಂಜೀವಿನಿಗಾಗಿ ಬೆಟ್ಟವನ್ನೇ ಹೊತ್ತು ತಂದ ಹನುಮನ ಕಥೆ ಎಲ್ಲರಿಗೂ ಗೊತ್ತು. ಮದ್ದನ್ನು ಹೇಳಿದ ವೈದ್ಯ ಯಾರು? ಸುಷೇಣ. ತುಳಸೀದಾಸರ ಕಾವ್ಯದಲ್ಲಿ ಅವನು ಲಂಕೆಯ ವೈದ್ಯ. ಹನುಮ ಅವನನ್ನು ಮನೆಸಮೇತ ಎತ್ತಿ ತರುತ್ತಾನೆ. ಆದರೆ ವಾಲ್ಮೀಕಿಯಲ್ಲಿ ಹಾಗಿಲ್ಲ. ಅಲ್ಲಿ ಸುಷೇಣ ತಾರೆಯ ತಂದೆ, ವಾನರರಲ್ಲೊಬ್ಬ, ಕಿಷ್ಕಿಂಧೆಯ ಕಾಡಿನವರ ಬಂಧು. ಬೆಟ್ಟ ಹೊತ್ತವನೂ ಅವರವನೇ, ಮದ್ದು ಅರಿತವನೂ ಅವರವನೇ. ಬೇಡರು ತಮ್ಮ ಮೂಲಪುರುಷನೆಂದು ಪೂಜಿಸುವ ಕವಿ ಹೀಗೆ ಬರೆದ. ಕಾಲ ಕಳೆದಂತೆ ಕಥೆ ಹೇಳುವವರು ಹೊರುವ ಕೆಲಸವನ್ನು ಕಾಡಿನವನಿಗೆ ಬಿಟ್ಟು, ವೈದ್ಯನನ್ನು ಮಾತ್ರ ಹೊರಗಿನಿಂದ ತರಿಸಿದರು. ಇದರಲ್ಲಿ ಯಾರದೂ ದುರುದ್ದೇಶವಿರಲಾರದು. ಆದರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ನನ್ನ ಶಿಷ್ಯನನ್ನು ಕಂಡಂದಿನಿಂದ ಈ ಪಾಠಾಂತರ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಅವನು ನಮ್ಮ ಮನೆಗೆ ಬಂದಿದ್ದ. ಜೊತೆಗೆ ಮಗಳು, ಊರಿನ ಕನ್ನಡ ಶಾಲೆಯಲ್ಲಿ ಓದಿ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದಳು. ಅವಳ ವಿಜ್ಞಾನದ ನೋಟುಪುಸ್ತಕವನ್ನು ನನ್ನ ಮುಂದಿಟ್ಟು, “ಸರ್, ಇಕೀನ್ನ ಸೈನ್ಸಿಗೆ ಹಚ್ಚಲೇನ್ರೀ, ಏನ್ ಮಾಡ್ಲಿ?” ಎಂದು ಕೇಳಿದ. ಪುಟ ತಿರುವಿದೆ. ಎಲೆಯ ಸೀಳುಚಿತ್ರವಿತ್ತು, ತಂದೆಯ ಕೈಯೇ. ಹಚ್ಚು ಎಂದು ನಾನು ಹೇಳಿದ್ದು ನಿಜ. ಹೇಳುವುದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದೆನೆಂಬುದನ್ನು ಅವನು ಗಮನಿಸಿದ.